ಸರದಿ ಯಾರದು? ರಾಜಾಜಿನಗರದ ಒಂದು ಮನೆಯ ಪ್ರಕರಣ

2024ರ ನವೆಂಬರ್. ರಾಜಾಜಿನಗರದ ಒಂದು ಮನೆಯ ಹಾಲ್‌ನಲ್ಲಿದ್ದ ಕ್ಯಾಮೆರಾವನ್ನು ಆ ಮನೆಯ ದೊಡ್ಡ ಸೊಸೆ ಗೋಡೆ ಕಡೆ ತಿರುಗಿಸಿಟ್ಟರು. ನ್ಯೂಜೆರ್ಸಿಯಲ್ಲಿರುವ ಮೈದುನ, ಅಮ್ಮನನ್ನು ಆಗಾಗ ನೋಡಬಹುದು ಅಂತ ಹಾಕಿಸಿದ್ದ ಕ್ಯಾಮೆರಾ ಅದು. ಅವರಿಗೆ ರಾತ್ರಿ ಊಟ ಮುಗಿಯುವ ಹೊತ್ತು ಇಲ್ಲಿ ಬೆಳಗಿನ ತಿಂಡಿಯ ಹೊತ್ತು. ಅಂದು ಮನೆಯವರ ವಾಟ್ಸಾಪ್ ಗುಂಪಿಗೆ ಅವರ ಸಂದೇಶ ಬಂತು: "ಅಮ್ಮ ಮುಕ್ಕಾಲು ಗಂಟೆಯಿಂದ ಒಬ್ಬರೇ ಕೂತಿದಾರೆ. ತಿಂಡಿ ಆಯ್ತಾ?" ಅತ್ತಿಗೆ ಉತ್ತರ ಬರೆಯಲಿಲ್ಲ. ಸ್ಟೂಲ್ ಹತ್ತಿ ಕ್ಯಾಮೆರಾ ತಿರುಗಿಸಿದರು. ಗುಂಪಿನಿಂದಲೂ ಹೊರಗೆ ಬಂದರು.

ಕುಟುಂಬದೊಳಗಿನ ಜಗಳಗಳಲ್ಲಿ ಮಾತುಕತೆ ನಡೆಸಿಕೊಡುವುದು ನನ್ನ ಕೆಲಸ. ಇವರು ನನ್ನ ಹತ್ತಿರ ಬಂದಾಗ ಕ್ಯಾಮೆರಾ ವಿಷಯ ಯಾರೂ ಎತ್ತಲಿಲ್ಲ. "ಮನೆ ಭಾಗದ ವಿಷಯ ಮಾತಾಡಬೇಕು" ಅಂತಲೇ ಬಂದರು. ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ, ಗುರುತು ಸಿಗುವ ಕೆಲವು ವಿವರ ಬದಲಿಸಿದ್ದೇನೆ.

ಮನೆ, ಮಂದಿ

ತಾಯಿಗೆ ಆಗ 79. ಗಂಡ 2014ರಲ್ಲಿ ತೀರಿಕೊಂಡರು. ತಿಪಟೂರು ಕಡೆಯವರು. 1961ರಲ್ಲಿ ಜಾಲಹಳ್ಳಿಯ ಬಿಇಎಲ್ ಸೇರಿದರು. 1969ರಲ್ಲಿ ಸಿಐಟಿಬಿಯಿಂದ, ಅಂದರೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನಿಂದ, ಸೈಟು ಸಿಕ್ಕಿತು. ಬಿಡಿಎ ಹುಟ್ಟಿದ್ದು 1976ರಲ್ಲಿ, ಅದಕ್ಕೂ ಮುಂಚೆ ಸೈಟು ಹಂಚುತ್ತಿದ್ದದ್ದು ಆ ಟ್ರಸ್ಟ್ ಬೋರ್ಡು. 1972ರಲ್ಲಿ ಮನೆ ಎದ್ದಿತು. ಮಕ್ಕಳು ಮೂವರು. ದೊಡ್ಡ ಮಗ ಖಾಸಗಿ ಕಂಪನಿಯಲ್ಲಿ ನಿವೃತ್ತಿಯ ಹೊಸ್ತಿಲಲ್ಲಿದ್ದರು. ಮಗಳು ಯಲಹಂಕದಲ್ಲಿ, ನಾಗವಾರದ ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಕೆಲಸ. ಚಿಕ್ಕ ಮಗ ಅಮೆರಿಕದಲ್ಲಿ. ರಾಜಾಜಿನಗರದ ಮನೆಯಲ್ಲಿ ಈಗ ಇರುವವರು ಮೂರೇ ಜನ: ತಾಯಿ, ದೊಡ್ಡ ಮಗ, ಸೊಸೆ. ಈ ದಂಪತಿಯ ಒಬ್ಬನೇ ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ.

"ಮೊದಲೆಲ್ಲ ಒಟ್ಟು ಕುಟುಂಬ ಇತ್ತು ಸಾರ್, ಈಗ ಎಲ್ಲ ಒಡೆದುಹೋಯ್ತು" ಅಂತ ದೊಡ್ಡ ಮಗ ಮೊದಲ ದಿನವೇ ಹೇಳಿದರು. ಎಲ್ಲರೂ ಹೀಗೇ ಹೇಳುತ್ತಾರೆ. ಆದರೆ ಆ ಮನೆಯ ಲೆಕ್ಕವನ್ನೇ ತೆಗೆದು ನೋಡಿದರೆ ಕಥೆ ಅಷ್ಟು ನೇರವಾಗಿಲ್ಲ. 1972ರಲ್ಲಿ ಅಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು, ಗಂಡನ ತಾಯಿ, ಕಾಲೇಜು ಓದುತ್ತಿದ್ದ ಇಬ್ಬರು ಮೈದುನಂದಿರು. ಆಮೇಲೆ ನಾದಿನಿಯ ಮಗ ಪಾಲಿಟೆಕ್ನಿಕ್ ಓದೋಕೆ ಬಂದ. ಮನೆ ಅರ್ಧ ಹಾಸ್ಟೆಲ್. 1985ರ ಹೊತ್ತಿಗೆ ಅತ್ತೆ ತೀರಿಕೊಂಡಿದ್ದರು, ಮೈದುನಂದಿರು ತಮ್ಮ ತಮ್ಮ ಕೆಲಸ ಹಿಡಿದು ಹೋಗಿದ್ದರು. ಉಳಿದವರು ಅಪ್ಪ, ಅಮ್ಮ, ಮೂವರು ಮಕ್ಕಳು. ಅಂದರೆ ಪಕ್ಕಾ ಚಿಕ್ಕ ಸಂಸಾರ. 1995ರಲ್ಲಿ ಸೊಸೆ ಬಂದಳು, ಮತ್ತೆ ಒಟ್ಟು ಕುಟುಂಬ. ಇವತ್ತು ಮೂರೇ ಜನ ಇದ್ದರೂ ಅತ್ತೆ, ಸೊಸೆ ಒಂದೇ ಸೂರಿನಡಿ ಇದ್ದಾರೆ, ಅಲ್ವಾ?

ಸಮಾಜಶಾಸ್ತ್ರಜ್ಞ ಎ. ಎಂ. ಶಾ ಈ ಮಾತನ್ನು ಬಹಳ ಹಿಂದೆಯೇ ಹೇಳಿದ್ದರು: ಒಂದು ಮನೆಯಲ್ಲಿ ವಾಸ ಇರುವವರು ಬೇರೆ, ಕುಟುಂಬ ಬೇರೆ. ಮನೆ ಹಿಗ್ಗುತ್ತದೆ, ಕುಗ್ಗುತ್ತದೆ, ಮತ್ತೆ ಹಿಗ್ಗುತ್ತದೆ. ಇರಾವತಿ ಕರ್ವೆ ಒಟ್ಟು ಕುಟುಂಬಕ್ಕೆ ಕೊಟ್ಟ ಗುರುತು ಇನ್ನೂ ಕೈಗೆ ಸಿಗುವಂಥದ್ದು: ಒಂದು ಸೂರು, ಒಂದು ಒಲೆ, ಒಂದು ಆಸ್ತಿ, ಒಂದು ಪೂಜೆ. ಈ ಮನೆಗೆ ಅದನ್ನು ಹಚ್ಚಿ ನೋಡಿದೆ. ಸೂರು ಮೂರಾಗಿದೆ. ಒಲೆಯೂ ಮೂರು. ಪೂಜೆ ಪೂರ್ತಿ ಬಿಟ್ಟುಹೋಗಿಲ್ಲ. ಮಹಾಲಯ ಅಮಾವಾಸ್ಯೆಗೆ ಅಪ್ಪನಿಗೆ ಎಡೆ ಇಡುವಾಗ ಮಗಳು ಬರುತ್ತಾಳೆ, ಚಿಕ್ಕ ಮಗ ವಿಡಿಯೋ ಕಾಲ್‌ನಲ್ಲಿ ಕೈ ಮುಗಿಯುತ್ತಾನೆ. ಆಸ್ತಿ ಮಾತ್ರ ಒಂದೇ. ಹತ್ತು ವರ್ಷವಾದರೂ ಖಾತೆ, ಅಂದರೆ ಪಾಲಿಕೆಯಲ್ಲಿರುವ ಆಸ್ತಿ ದಾಖಲೆ, ಸತ್ತುಹೋದ ಅಪ್ಪನ ಹೆಸರಲ್ಲೇ ಇತ್ತು.

ಅದನ್ನು ಅಲುಗಾಡಿಸಿದ್ದು ಇ-ಖಾತೆ, ಅದೇ ದಾಖಲೆಯ ಡಿಜಿಟಲ್ ರೂಪ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಇ-ಖಾತೆ ಇಲ್ಲದೆ ಆಸ್ತಿ ನೋಂದಣಿ ಆಗುವುದಿಲ್ಲ. ಅದೇ ಸಮಯಕ್ಕೆ ಒಬ್ಬ ಬಿಲ್ಡರ್ ಬಂದು, ಹಳೇ ಮನೆ ಕೆಡವಿ ಫ್ಲಾಟು ಕಟ್ಟೋಣ, ಅರ್ಧ ನಿಮಗೆ ಅರ್ಧ ನನಗೆ ಅಂದ. ಅಪ್ಪ ವಿಲ್ ಬರೆದಿರಲಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಸಹಿ ಬೇಕಾಯಿತು. ಇಷ್ಟು ವರ್ಷ ಯಾರೂ ಬಾಯಿಬಿಟ್ಟು ಕೇಳದಿದ್ದ ಪ್ರಶ್ನೆಗಳು ಒಂದೇ ತಿಂಗಳಲ್ಲಿ ಮೇಜಿನ ಮೇಲೆ ಬಂದವು. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಈಚೆಗೆ ನಾನು ನೋಡುವ ಜಗಳಗಳಲ್ಲಿ ಜಾಸ್ತಿ ಶುರುವಾಗುವುದೇ ಹೀಗೆ, ಯಾವುದೋ ಒಂದು ಅರ್ಜಿಯಿಂದ.

ಭಾಗದ ಮಾತು ಬೇಗ ಮುಗಿಯಿತು

ದೊಡ್ಡ ಮಗನಿಗೆ ಆಫೀಸಿನಲ್ಲಿ ಯಾರೋ ಹೇಳಿದ್ದರು: "1994ಕ್ಕಿಂತ ಮುಂಚೆ ಮದುವೆ ಆದ ಹೆಣ್ಣುಮಕ್ಕಳಿಗೆ ಭಾಗ ಇಲ್ಲ." ತಂಗಿಯ ಮದುವೆ ಆದದ್ದು 1993ರಲ್ಲಿ. ಈ ಮಾತು ಪೂರ್ತಿ ಗಾಳಿಸುದ್ದಿ ಅಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂತು, ಅದಕ್ಕೆ ಮೊದಲೇ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿಯಲ್ಲಿ ಆ ಗೆರೆ ಇಲ್ಲ. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಆದರೆ ಈ ಮನೆಗೆ ಇದ್ಯಾವುದೂ ಬೇಕಾಗಿಲ್ಲ. ಇದು ಅಪ್ಪ ತಾನೇ ದುಡಿದು ಮಾಡಿದ ಆಸ್ತಿ. ವಿಲ್ ಇಲ್ಲದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮಪಾಲು ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. ಅಂದರೆ ನಾಲ್ಕು ಜನಕ್ಕೆ ನಾಲ್ಕು ಪಾಲು.

ವಕೀಲರು ಇಷ್ಟು ಬಿಡಿಸಿ ಹೇಳಿದ ಮೇಲೆ ದೊಡ್ಡ ಮಗ ವಾದ ಮಾಡಲಿಲ್ಲ. "ಸರಿ, ಕಾನೂನು ಹಾಗಿದ್ರೆ ಹಾಗೇ ಆಗ್ಲಿ" ಅಂದರು. ತಂಗಿ, "ನಾನು ಕೇಳೋಕೆ ಬಂದಿರ್ಲಿಲ್ಲ, ಆದ್ರೆ ಬಿಟ್ಟುಕೊಡೋದೂ ಇಲ್ಲ ಅಣ್ಣ" ಅಂದರು. ಅಲ್ಲಿಗೆ ಭಾಗದ ಮಾತು ಮುಗಿಯಿತು. ಎದ್ದು ಹೊರಡುವ ಹೊತ್ತು. ಅಲ್ಲಿಯತನಕ ಸುಮ್ನೆ ಕೂತಿದ್ದ ಸೊಸೆ ಕೇಳಿದರು: "ಮನೆ ನಾಲ್ಕು ಭಾಗ ಆಯ್ತು. ಅತ್ತೆ?"

ಆಗ ಕ್ಯಾಮೆರಾ ಕಥೆ ಹೊರಗೆ ಬಂತು.

ಸೊಸೆಗೆ 53 ವರ್ಷ. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರು. 2019ರಲ್ಲಿ ಅತ್ತೆ ಬಾತ್‌ರೂಮಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. "ಮೂರು ತಿಂಗಳು ರಜೆ ಹಾಕು" ಅಂದರು ಗಂಡ. ರಜೆ ಮುಗಿಯಿತು, ಆರೈಕೆ ಮುಗಿಯಲಿಲ್ಲ, ಕೆಲಸ ಬಿಟ್ಟರು. ಬಿಡು ಅಂತ ಯಾರೂ ಹೇಳಲಿಲ್ಲ, ಬಿಡಬೇಡ ಅಂತಲೂ ಹೇಳಲಿಲ್ಲ. ಈ ಎರಡನೆಯದೇ ಅವರಿಗೆ ಜಾಸ್ತಿ ನೋವು.

ಒಂದು ವಾರದ ಪಟ್ಟಿ

ಇಂಥ ಕಡೆ ನಾನು ಒಂದು ಕೆಲಸ ಕೊಡುತ್ತೇನೆ. ಮುಂದಿನ ಒಂದು ವಾರ ಅಮ್ಮನಿಗಾಗಿ ನೀವು ಏನೇನು ಮಾಡುತ್ತೀರೋ ಅದನ್ನು ಬರೆಯಿರಿ, ಚಿಕ್ಕದು ದೊಡ್ಡದು ನೋಡಬೇಡಿ ಅಂತ. ನಾಲ್ವರೂ ಬರೆದರು.

ದೊಡ್ಡ ಮಗನ ಪಟ್ಟಿ: ಮಾತ್ರೆ ತಂದೆ. ಕಣ್ಣಿನ ಡಾಕ್ಟರ ಹತ್ತಿರ ಕಾರಿನಲ್ಲಿ ಕರೆದುಕೊಂಡು ಹೋದೆ. ಸಂಜೆ ಟಿವಿ ನೋಡುವಾಗ ಜೊತೆಗೆ ಕೂತೆ.

ಚಿಕ್ಕ ಮಗನದು: ದುಡ್ಡು ಕಳಿಸಿದೆ. ಭಾನುವಾರ ಮಾತಾಡಿದೆ. ಫಿಸಿಯೋಥೆರಪಿಯವರಿಗೆ ಆನ್‌ಲೈನ್‌ನಲ್ಲಿ ಕಟ್ಟಿದೆ. ಕೊನೆಗೆ ಒಂದು ಸಾಲು: "ಕ್ಯಾಮೆರಾ ನೋಡಿದೆ, ಗೋಡೆ ಕಾಣಿಸಿತು." ಸಿಟ್ಟಿನಲ್ಲಿ ಬರೆದದ್ದು, ಆದರೂ ಎಲ್ಲರೂ ನಕ್ಕರು.

ಮಗಳದು: ದಿನಾ ರಾತ್ರಿ ಫೋನ್. ರಾಗಿ ಹಿಟ್ಟು, ಡಯಾಪರ್ ಆರ್ಡರ್ ಮಾಡಿದೆ. ಹಲ್ಲಿನ ಡಾಕ್ಟರ ಟೈಮ್ ತೆಗೆದುಕೊಂಡೆ. ಅಮ್ಮನ ಹಳೇ ಗೆಳತಿಗೆ ಫೋನ್ ಹಚ್ಚಿ ಇಬ್ಬರನ್ನೂ ಮಾತಾಡಿಸಿದೆ.

ಸೊಸೆಯದು ನೋಟ್‌ಬುಕ್ಕಿನ ಹನ್ನೊಂದು ಪುಟ. ಬೆಳಗಿನ ಬಿಪಿ ಮಾತ್ರೆ, ಅರ್ಧ ಗಂಟೆ ಬಿಟ್ಟು ತಿಂಡಿ, ಅದಾದ ಮೇಲೆ ಸಕ್ಕರೆ ಕಾಯಿಲೆಯ ಮಾತ್ರೆ. ಸ್ನಾನಕ್ಕೆ ಕುರ್ಚಿ ಹಾಕುವುದು, ಬೆನ್ನು ಉಜ್ಜುವುದು, ನೆಲ ಒರೆಸಿ ಒಣಗಿದ ಮೇಲೆಯೇ ಹೊರಗೆ ಕರೆದುಕೊಂಡು ಬರುವುದು. ಮುದ್ದೆ ಮೆತ್ತಗೆ ಬೇರೆ ಮಾಡುವುದು, ಸಾರಿಗೆ ಖಾರ ಹಾಕುವ ಮುಂಚೆ ಅತ್ತೆಯ ಪಾಲು ತೆಗೆದಿಡುವುದು. ಮಧ್ಯಾಹ್ನ ಕಾಲಿಗೆ ಎಣ್ಣೆ. ರಾತ್ರಿ ಎರಡು ಸಲ ಎಬ್ಬಿಸಿ ಬಾತ್‌ರೂಮಿಗೆ. ಒಂದು ಸಾಲು ಹೀಗಿತ್ತು: "ನಾದಿನಿ ಫೋನ್. ಇವತ್ತು ಸೊಪ್ಪು ತಿಂದ್ರಾ ಅಂತ ಕೇಳಿದರು. ಇನ್ಸ್‌ಪೆಕ್ಷನ್."

ಮಗಳಿಗೆ ಆ ಸಾಲು ಚುಚ್ಚಿತು. ಅವರ ಮಾತಿನಲ್ಲೂ ನ್ಯಾಯ ಇತ್ತು. ದೂರದಲ್ಲಿರುವವರ ಕೈಗೆ ಸಿಗುವುದು ಫೋನ್ ಒಂದೇ. ಕೇಳದಿದ್ದರೆ ಮಗಳಿಗೆ ಅಕ್ಕರೆ ಇಲ್ಲ, ಕೇಳಿದರೆ ಅಧಿಕಾರ ಮಾಡುತ್ತಾಳೆ. "ನಾನು ಏನು ಮಾಡ್ಲಿ ಹೇಳಿ ಅತ್ತಿಗೆ" ಅಂತ ಕಣ್ಣಲ್ಲಿ ನೀರು ಹಾಕಿಕೊಂಡರು.

2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಅದೇ ಕೆಲಸ ಮಾಡುವ ಗಂಡಸರು 97 ನಿಮಿಷ. ಈ ಅಂಕಿಯನ್ನು ನಾನು ಅವರ ಮುಂದೆ ಹೇಳಲಿಲ್ಲ. ಆ ನೋಟ್‌ಬುಕ್ ಸಾಕಾಗಿತ್ತು. ದೊಡ್ಡ ಮಗ ಅದನ್ನು ಓದಿ ಮುಗಿಸೋಕೆ ಬಹಳ ಹೊತ್ತು ತೆಗೆದುಕೊಂಡರು. ಅದೇ ಮನೆಯಲ್ಲಿ ಮಲಗುವ ಅವರಿಗೆ ರಾತ್ರಿ ಎರಡು ಸಲ ಏಳುವ ವಿಷಯ ಗೊತ್ತೇ ಇರಲಿಲ್ಲ.

ಚಿಕ್ಕ ಮಗ ಕೂಡಲೇ ಒಂದು ದಾರಿ ಹೇಳಿದರು: "ಅತ್ತಿಗೆಗೆ ತಿಂಗಳಿಗೆ ಇಷ್ಟು ಅಂತ ನಾನೇ ಕೊಡ್ತೀನಿ." ಒಳ್ಳೇ ಮನಸ್ಸಿನಿಂದಲೇ ಹೇಳಿದ್ದು. ಸೊಸೆ ಮುಖ ಕೆಂಪಾಯಿತು. "ನಾನೇನು ಹೋಮ್ ನರ್ಸಾ? ದುಡ್ಡು ಬೇಡ. ನಿಮ್ಮ ಸರದಿ ಯಾವಾಗ ಅಂತ ಹೇಳಿ."

ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ಗಂಟು ಇಲ್ಲಿದೆ. ಅಪ್ಪನ ಆಸ್ತಿಯಲ್ಲಿ ಪಾಲು ಯಾರಿಗೆ ಅನ್ನುವುದಕ್ಕೆ ಕಾಯ್ದೆ ಇದೆ, ಕೋರ್ಟು ಇದೆ. ಅಮ್ಮನ ಆರೈಕೆಯಲ್ಲಿ ಪಾಲು ಯಾರಿಗೆ? 2007ರ ಹಿರಿಯ ನಾಗರಿಕರ ಕಾಯ್ದೆ ಜೀವನಾಂಶದ ಹೊಣೆ ಹೊರಿಸುವ 'ಮಕ್ಕಳು' ಅಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆ ಆ ಸಾಲಿನಲ್ಲಿ ಇಲ್ಲ. ಅತ್ತೆಯ ಆಸ್ತಿಯ ವಾರಸುದಾರರ ಸಾಲಿನಲ್ಲೂ ಇಲ್ಲ. ಮನೆಯಿಂದ ಆಕೆಯನ್ನು ಸುಲಭವಾಗಿ ಹೊರಗೆ ಹಾಕುವಂತಿಲ್ಲ, ನಿಜ. 2020ರ ಡಿಸೆಂಬರ್‌ನಲ್ಲಿ ಬೆಂಗಳೂರಿನದೇ ಒಂದು ಪ್ರಕರಣದಲ್ಲಿ, ಹಿರಿಯ ನಾಗರಿಕರ ಕಾಯ್ದೆಯ ಹೆಸರಲ್ಲಿ ಸೊಸೆಯ ವಾಸದ ಹಕ್ಕನ್ನು ತಳ್ಳಿಹಾಕಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅದು ಇರುವ ಹಕ್ಕು. ಮಾಡಿದ ಕೆಲಸಕ್ಕೆ ಲೆಕ್ಕ ಎಲ್ಲೂ ಇಲ್ಲ. ಹಿಂದೆ ಇತ್ತಾ ಅಂದರೆ ಹಿಂದೆಯೂ ಇರಲಿಲ್ಲ. ಆಗ ಕೇಳುತ್ತಿರಲಿಲ್ಲ, ಈಗ ಕೇಳುತ್ತಾರೆ. ಬದಲಾವಣೆ ಆಗಿರುವುದು ಅಲ್ಲಿ. ಈ ಸೊಸೆ ಸಂಬಳದ ಕೆಲಸ ಮಾಡಿದವರು, ಬಿಟ್ಟದ್ದು ಎಷ್ಟು ಅಂತ ಅವರಿಗೆ ಗೊತ್ತಿದೆ.

ತಾಯಿಯನ್ನು ಕೇಳಿದಾಗ

ಇಷ್ಟೆಲ್ಲ ಆಗುವಾಗ ತಾಯಿಯನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ನಾನು ಮನೆಗೆ ಹೋಗಿ ಅವರೊಬ್ಬರ ಜೊತೆ ಕೂತೆ. ಕ್ಯಾಮೆರಾ ಬಗ್ಗೆ ಕೇಳಿದರೆ, "ಅದು ಕ್ಯಾಮೆರಾನಾ? ಸೊಳ್ಳೆ ಮೆಷಿನ್ ಅಂದ್ಕೊಂಡಿದ್ದೆ" ಅಂದರು. ಆಮೇಲೆ ಸ್ವಲ್ಪ ಯೋಚಿಸಿ, "ನಾನು ಸೆರಗು ಸರಿಮಾಡ್ಕೊಳ್ಳೋದೂ ಕಾಣ್ಸುತ್ತಾ?" ಅಂತ ಕೇಳಿದರು. ಕ್ಯಾಮೆರಾ ಅದೇ ವಾರ ಇಳಿಯಿತು. ಚಿಕ್ಕ ಮಗನೇ "ತೆಗೆದುಬಿಡಿ" ಅಂದರು.

ಮಗಳ ಮನೆಗೆ ಹೋಗಿ ಇರುತ್ತೀರಾ ಅಂದಾಗ ಬೇಡ ಅಂದರು. ಅಳಿಯ ಒಳ್ಳೆಯವನೇ, ಮನೆಯೂ ಚೆನ್ನಾಗಿದೆ. "ಆದ್ರೂ ಮಗಳ ಮನೇಲಿ ಕೂತು ಉಣ್ಣೋದು ಹೇಗೆ? ಎರಡು ದಿನಕ್ಕೆ ಸರಿ." ಅಲ್ಲಿ ಇನ್ನೊಂದು ತೊಡಕು ಬೇರೆ ಇತ್ತು. ಅದು ಎರಡು ಬೆಡ್‌ರೂಮಿನ ಫ್ಲಾಟು, ಅಳಿಯನ ತಾಯಿ ಅಲ್ಲೇ ಇದ್ದಾರೆ. ಬೀಗಿತ್ತಿಯ ಜೊತೆ ಒಂದೇ ಕೋಣೆಯಲ್ಲಿ ಮಲಗಬೇಕು. ನಮ್ಮಲ್ಲಿ ಬೀಗರಿಗೆ ಊಟ ಹಾಕಿ ಉಪಚಾರ ಮಾಡುವುದು ಗೊತ್ತು, ಜೊತೆಗೆ ಬದುಕುವುದು ಗೊತ್ತಿಲ್ಲ. ಅದಕ್ಕೆ ಹಿಂದಿನವರು ಹಾಕಿಕೊಟ್ಟ ರೀತಿ ರಿವಾಜೂ ಇಲ್ಲ.

ಅದನ್ನು ಬಿಡಿಸಿದ್ದು ಬೀಗಿತ್ತಿಯೇ. ಒಂದು ಭಾನುವಾರ ಮಗನ ಜೊತೆ ರಾಜಾಜಿನಗರಕ್ಕೆ ಬಂದು, "ನನಗೂ ಹಗಲೆಲ್ಲ ಗೋಡೆ ನೋಡಿ ಸಾಕಾಗಿದೆ. ನೀವು ಬಂದ್ರೆ ಮಾತಿಗಾದ್ರೂ ಒಬ್ಬರಾಗ್ತೀರ" ಅಂದರು. ಅಳಿಯ ಹೇಳಿದ್ದರೆ ತಾಯಿ ಒಪ್ಪುತ್ತಿರಲಿಲ್ಲ ಅಂತ ನನಗೆ ಈಗಲೂ ಅನಿಸುತ್ತದೆ. ಮನೆಯ ಹಿರಿಯ ಹೆಂಗಸು ಬಂದು ಕರೆದದ್ದರಿಂದ ಅದು ಆಹ್ವಾನ ಆಯಿತು.

ಏನೇನು ಒಪ್ಪಿಕೊಂಡರು

ವರ್ಷಕ್ಕೆ ಎರಡು ಸಲ, ಒಂದೂವರೆ ತಿಂಗಳಂತೆ ತಾಯಿ ಯಲಹಂಕದಲ್ಲಿ ಇರುವುದು. ಚಿಕ್ಕ ಮಗ ವರ್ಷಕ್ಕೊಮ್ಮೆ ಒಂದು ತಿಂಗಳು ಬರುವುದು. ಬಂದಾಗ ನೆಂಟನ ಹಾಗೆ ಇರುವಂತಿಲ್ಲ. ಅಣ್ಣ, ಅತ್ತಿಗೆ ಮನೆ ಬಿಟ್ಟು ಎಲ್ಲಿಗಾದರೂ ಹೋಗುತ್ತಾರೆ, ಮನೆ ಚಿಕ್ಕ ಮಗನ ಕೈಗೆ. ಹಗಲಿಗೆ ಒಬ್ಬ ಆಯಾ, ಸಂಬಳ ಮೂವರು ಮಕ್ಕಳು ಹಂಚಿಕೊಳ್ಳುವುದು. ಮಾತ್ರೆ ಮತ್ತು ಆಸ್ಪತ್ರೆಯ ನಿರ್ಧಾರ ಅಮ್ಮ ಆಗ ಯಾರ ಹತ್ತಿರ ಇದ್ದಾರೋ ಅವರದು, ದೂರದಿಂದ ಯಾರೂ ತಿದ್ದುವಂತಿಲ್ಲ. ಈ ಕೊನೆಯದನ್ನು ಬರೆಸಿದ್ದು ಸೊಸೆ.

2025ರ ಜನವರಿಯಲ್ಲಿ ಚಿಕ್ಕ ಮಗ ಬಂದರು. ದೊಡ್ಡವರು ಇಬ್ಬರೂ ಪುಣೆಗೆ ಮಗನ ಹತ್ತಿರ ಹೋದರು. ಆಮೇಲೆ ಆದದ್ದನ್ನು ನಾನು ಯೋಚಿಸಿರಲಿಲ್ಲ. ಮಗ ರಾತ್ರಿ ಅಲಾರಾಂ ಇಟ್ಟುಕೊಂಡು ಎದ್ದರು, ತಾಯಿ ಮಾತ್ರ ಅವರ ಕೈ ಹಿಡಿದು ಬಾತ್‌ರೂಮಿಗೆ ಬರಲು ಒಪ್ಪಲಿಲ್ಲ. "ನೀನು ಮಲಕ್ಕೊಳಪ್ಪ, ನಾನೇ ಹೋಗ್ತೀನಿ." ಮಗ ಬಾಗಿಲ ಹೊರಗೆ ನಿಂತರು. ಸ್ನಾನದ ಮಾತಂತೂ ಎತ್ತುವಂತೆಯೇ ಇಲ್ಲ. ಕೊನೆಗೆ ರಾತ್ರಿಗೂ ಒಬ್ಬ ಹೆಂಗಸನ್ನು ಗೊತ್ತುಮಾಡಬೇಕಾಯಿತು. ಸರದಿ ಅಂತ ಕಾಗದದ ಮೇಲೆ ಸಮನಾಗಿ ಹಂಚಿದ್ದೆವು. ಮಗ ಮಾಡುವುದಕ್ಕೆ ಸಿದ್ಧ ಇದ್ದರು. 79 ವರ್ಷ ಒಂದು ರೀತಿಯಲ್ಲಿ ಬದುಕಿದ ತಾಯಿ ಮಾಡಿಸಿಕೊಳ್ಳುವುದಕ್ಕೆ ಸಿದ್ಧ ಇರಲಿಲ್ಲ. ಅವರನ್ನು ಬದಲಾಗಿ ಅನ್ನೋದೂ ಸರಿಯಲ್ಲ.

ಆದರೂ ಆ ತಿಂಗಳಿಂದ ಒಂದು ಉಪಯೋಗ ಆಯಿತು. ಮುದ್ದೆಯ ಹದ, ಮಾತ್ರೆಯ ಹೊತ್ತು, ಎರಡನೇ ಸಲ ಎದ್ದ ಮೇಲೆ ನಿದ್ದೆ ಬಾರದಿರುವುದು, ಇವನ್ನೆಲ್ಲ ಚಿಕ್ಕ ಮಗ ಕಂಡರು. ಹೊರಡುವ ಮುಂಚೆ ಅತ್ತಿಗೆಗೆ ಕ್ಷಮೆ ಕೇಳಿದರಂತೆ. ಸೊಸೆ ಗುಂಪಿಗೆ ವಾಪಸ್ ಬಂದರು.

ವಿಲ್ ವಿಷಯ ತಾಯಿಯೇ ಎತ್ತಿದ್ದು. ತನ್ನ ಕಾಲು ಭಾಗವನ್ನು ಸೊಸೆ ಹೆಸರಿಗೆ ಬರೆಯುತ್ತೇನೆ ಅಂದರು. ಮಧ್ಯಸ್ಥಿಕೆ ಮಾಡುವವರು ಇಂಥದ್ದಕ್ಕೆ ಹೂಂ ಅನ್ನಬಾರದು, ಊಹೂಂ ಅಂತಲೂ ಅನ್ನಬಾರದು. ಯಾಕೆ ಅಂತ ಮಾತ್ರ ಕೇಳಿದೆ. "ನಮ್ಮತ್ತೆ ಹಾಸಿಗೆ ಹಿಡಿದಿದ್ದಾಗ ನಾನೇ ನೋಡ್ಕೊಂಡೆ. ಇವರಪ್ಪನ ಕೈಲಿ ದುಡ್ಡಿತ್ತು, ಮೈದುನಂದಿರ ಬಾಯಲ್ಲಿ ಒಳ್ಳೇ ಮಾತಿತ್ತು. ನನ್ನ ಹೆಸರಲ್ಲಿ ಏನೂ ಇರ್ಲಿಲ್ಲ" ಅಂದರು.

ಮಗಳು ಮೊದಲು ಒಪ್ಪಿದರು. ಚಿಕ್ಕ ಮಗ ಎರಡು ವಾರ ತೆಗೆದುಕೊಂಡರು. ಬೇಜಾರು ಮಾಡಿಕೊಂಡವರು ದೊಡ್ಡ ಮಗ. "ನನಗೆ ಕೊಟ್ರೂ ಒಂದೇ, ಅವಳಿಗೆ ಕೊಟ್ರೂ ಒಂದೇ ಅಲ್ವಾ?" ಅಂದರು. ತಾಯಿ, "ಒಂದೇ ಆಗಿದ್ರೆ ಅವಳ ಹೆಸರಲ್ಲೇ ಇರ್ಲಿ ಬಿಡು" ಅಂದರು. ದಾನಪತ್ರ ಬೇಡ, ವಿಲ್ ಸಾಕು ಅಂತ ವಕೀಲರು ಹೇಳಿದರು. ದಾನ ಕೊಟ್ಟರೆ ಈಗಲೇ ಕೈಬಿಟ್ಟ ಹಾಗೆ. ಕೊಡುವುದಾದರೆ 'ನನ್ನನ್ನು ನೋಡಿಕೊಳ್ಳಬೇಕು' ಅನ್ನುವ ಷರತ್ತು ಪತ್ರದಲ್ಲೇ ಬರೆಸಬೇಕು. ಹಾಗಿದ್ದರೆ ಮುಂದೆ ನೋಡಿಕೊಳ್ಳದಿದ್ದಾಗ 2007ರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ರದ್ದು ಮಾಡಿಸಲು ಉಪವಿಭಾಗಾಧಿಕಾರಿಯ ಮುಂದೆ ಹೋಗಬಹುದು. ವಿಲ್ ಆದರೆ ಬದುಕಿರುವ ತನಕ ಯಾವಾಗ ಬೇಕಾದರೂ ಬದಲಿಸಬಹುದು. ವಕೀಲರ ಜೊತೆ ತಾಯಿ ಮಾತಾಡುವಾಗ ಸೊಸೆ ಆ ಕೋಣೆಯಲ್ಲಿ ಇರಬಾರದು ಅಂತ ನಾನು ಹಟ ಹಿಡಿದೆ. ಸಾಕ್ಷಿ ಹಾಕಿದ ಇಬ್ಬರೂ ಹೊರಗಿನವರು. ನಾಳೆ ಯಾರೂ "ಒತ್ತಾಯ ಮಾಡಿ ಬರೆಸಿದರು" ಅನ್ನಬಾರದು ನೋಡಿ.

ಸೊಸೆಗೆ ಇದರಿಂದ ಖುಷಿ ಆಯಿತಾ? ಆಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಅವರ ತಲೆಯಲ್ಲಿ ಇನ್ನೊಂದು ಲೆಕ್ಕ ಓಡುತ್ತಿತ್ತು. "ಅತ್ತೆಗೆ ಮೂವರು ಮಕ್ಕಳು, ಅದಕ್ಕೇ ಸರದಿ ಅನ್ನೋ ಮಾತಾದ್ರೂ ಬಂತು. ನನಗಿರೋದು ಒಬ್ಬ. ಅವನಿಗೆ ಯಾರ ಜೊತೆ ಸರದಿ?" ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 2.9 ಮಕ್ಕಳು, 2019-21ರಲ್ಲಿ 1.7. ಇವರು ಕೇಳಿದ ಪ್ರಶ್ನೆ ಇವರೊಬ್ಬರದಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ. ದಂಪತಿ ತಮ್ಮ ಪಾಲಿನ ಫ್ಲಾಟುಗಳಲ್ಲಿ ಒಂದನ್ನು ಬಾಡಿಗೆಗೆ ಕೊಟ್ಟು, ಆ ದುಡ್ಡನ್ನು ಮುಟ್ಟದೆ ತಮ್ಮ ಮುಪ್ಪಿಗೆ ಇಡುವುದು ಅಂತ ಯೋಚಿಸಿದ್ದಾರೆ. ಮಗನಿಗೆ ಅದನ್ನು ಹೇಳಿಯೂ ಆಗಿದೆ.

ಈಗ ಎಲ್ಲಿಗೆ ಬಂದಿದೆ

ಯಲಹಂಕದ ಮೊದಲ ಸರದಿ ಒಂದೂವರೆ ತಿಂಗಳ ಬದಲು ಎರಡು ತಿಂಗಳಾಯಿತು. ಬೀಗಿತ್ತಿಯರಿಬ್ಬರಿಗೂ ಸಂಜೆಯ ಧಾರಾವಾಹಿ ಒಂದೇ ಇಷ್ಟ, ರಾತ್ರಿ ಫ್ಯಾನ್ ಎಷ್ಟರಲ್ಲಿ ಇಡಬೇಕು ಅನ್ನುವುದಕ್ಕೆ ಮಾತ್ರ ಜಗಳ. ಎರಡನೇ ಸರದಿಗೆ ತಾಯಿ ತಾವೇ ಬ್ಯಾಗು ಹೊಂದಿಸಿಕೊಂಡರು. ಸೊಸೆ ಬಡಾವಣೆಯ ಮಕ್ಕಳಿಗೆ ಸಂಜೆ ಗಣಿತ ಪಾಠ ಶುರುಮಾಡಿದ್ದಾರೆ. ಶಾಲೆಗೆ ವಾಪಸ್ ಹೋಗುವ ಮಾತು ಬಿಟ್ಟಿದ್ದಾರೆ. ದೊಡ್ಡ ಮಗನಿಗೆ ನಿವೃತ್ತಿ ಆಗಿದೆ, ಬೆಳಗಿನ ಮಾತ್ರೆ ಮತ್ತು ತಿಂಡಿ ಈಗ ಅವರದು. ಸಾರಿಗೆ ಖಾರ ಹಾಕುವ ಮುಂಚೆ ತೆಗೆದಿಡುವುದನ್ನು ಇನ್ನೂ ಮರೆಯುತ್ತಾರಂತೆ.

ಖಾತೆ ನಾಲ್ವರ ಹೆಸರಿಗೆ ಬಂದಿದೆ. ಬಿಲ್ಡರ್ ಜೊತೆ ಒಪ್ಪಂದಕ್ಕೆ ಸಹಿ ಆಗಿಲ್ಲ. ಕಟ್ಟಡ ಮುಗಿಯುವ ತನಕ ಬಾಡಿಗೆ ಮನೆಯಲ್ಲಿ ಇರಬೇಕು. ಅದು ಕೆಳಮಹಡಿಯಲ್ಲಿ, ಬಾತ್‌ರೂಮಿಗೆ ಮೆಟ್ಟಿಲಿಲ್ಲದೆ, ಈಗಿನ ಡಾಕ್ಟರಿಗೆ ಹತ್ತಿರದಲ್ಲಿ ಬೇಕು. ಅಂಥದ್ದು ರಾಜಾಜಿನಗರದಲ್ಲಿ ಸಿಕ್ಕಿಲ್ಲ. ಸಿಗುವ ತನಕ ಸಹಿ ಬೇಡ ಅಂತ ನಾಲ್ವರೂ ಒಪ್ಪಿದ್ದಾರೆ. ತಾಯಿ ಪೂರ್ತಿ ಹಾಸಿಗೆ ಹಿಡಿದರೆ ಯಾರ ಮನೆ ಅನ್ನುವ ಸಾಲನ್ನು ಒಪ್ಪಂದದ ಕಾಗದದಲ್ಲಿ ಖಾಲಿ ಬಿಟ್ಟಿದ್ದೇವೆ. ಯುಗಾದಿ ಆದ ಮೇಲೆ ಅದಕ್ಕಾಗಿ ಮತ್ತೆ ಕೂರುವುದು ಅಂತ ಆಗಿದೆ.